ಮೆಲನೋಮದಲ್ಲಿ ದುಗ್ಧರಸ ಗ್ರಂಥಿಯ ಪರೀಕ್ಷೆ: ಅಳೆಯುವುದಕ್ಕೋ, ಗುಣಪಡಿಸುವುದಕ್ಕೋ?

ಶಸ್ತ್ರಚಿಕಿತ್ಸಾ ವಿಷಯವನ್ನು ಓದುತ್ತಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಯಾವ ಜೀವಕೋಶದಿಂದ ಹುಟ್ಟುತ್ತದೆ, ಬೇರೆ ಚರ್ಮದ ಕ್ಯಾನ್ಸರ್‌ಗಳಿಗಿಂತ ಏಕೆ ಬೇಗ ಹರಡುತ್ತದೆ ಎಂಬ ಭಾಗ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಬರೆದಿಲ್ಲ. ಒಂದು ಮಾತನ್ನು ಮಾತ್ರ ಮೊದಲೇ ಹೇಳಬೇಕು. ಪಠ್ಯಪುಸ್ತಕದ ಚಿತ್ರಗಳಲ್ಲಿ ಬಿಳಿಯರ ಬೆನ್ನಿನ ಮೇಲೋ ಮೀನಖಂಡದ ಮೇಲೋ ಇರುವ ಮಚ್ಚೆಯೇ ಕಾಣಿಸುತ್ತದೆ; ಆದರೆ ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ನಮ್ಮ ಮೈಬಣ್ಣದವರಲ್ಲಿ ಈ ಅಪರೂಪದ ರೋಗ ಕಾಣಿಸಿಕೊಂಡರೆ ಅದು ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನ ಬುಡದಲ್ಲಿರುತ್ತದೆ, ಮತ್ತು ಅದಕ್ಕೂ ಬಿಸಿಲಿಗೂ ಸಂಬಂಧ ಕಲ್ಪಿಸುವಂತಿಲ್ಲ. ಅಂಗಾಲಿನ ಕಪ್ಪು ಕಲೆಯನ್ನು ಆಣಿ ಎಂದೋ, ಜಾಲಿಮುಳ್ಳು ಚುಚ್ಚಿ ರಕ್ತ ಹೆಪ್ಪುಗಟ್ಟಿದ್ದು ಎಂದೋ ತಿಳಿದು ಬ್ಲೇಡಿನಿಂದ ಕೆತ್ತಿಸಿಕೊಂಡು ತಿಂಗಳುಗಟ್ಟಲೆ ನಡೆದಾಡುವವರು ಆಸ್ಪತ್ರೆಗೆ ಬರುವಷ್ಟರಲ್ಲಿ ಗಡ್ಡೆ ದಪ್ಪವಾಗಿರುತ್ತದೆ. ರೋಗ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹರಡಿದೆಯೇ, ಗ್ರಂಥಿಯನ್ನು ತೆಗೆದು ಪರೀಕ್ಷಿಸಬೇಕೇ ಎಂಬ ಪ್ರಶ್ನೆ ಏಳುವುದು ಆ ದಪ್ಪದಿಂದಲೇ.

ದಪ್ಪದ ಲೆಕ್ಕ

ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ವಿವರಿಸಿದ ಅಳತೆಯನ್ನೇ ಇಂದಿಗೂ ಬಳಸುತ್ತಾರೆ: ಹೊರಚರ್ಮದ ಗ್ರಾನ್ಯುಲರ್ ಪದರದ ಮೇಲ್ಭಾಗದಿಂದ ಅತ್ಯಂತ ಆಳದಲ್ಲಿರುವ ಕ್ಯಾನ್ಸರ್ ಜೀವಕೋಶದವರೆಗಿನ ದೂರವನ್ನು ಮಿಲಿಮೀಟರುಗಳಲ್ಲಿ ಅಳೆಯುವುದು. ಅಳತೆ ಗ್ರಾನ್ಯುಲರ್ ಪದರದಿಂದ ಶುರುವಾಗುವುದರಿಂದ, ಬರಿಗಾಲಿನಲ್ಲಿ ದುಡಿಯುವವರ ಅಂಗಾಲಿನ ಗಟ್ಟಿ ಸತ್ತ ಚರ್ಮ ಲೆಕ್ಕಕ್ಕೆ ಸೇರುವುದಿಲ್ಲ. ಬಯಾಪ್ಸಿಯಲ್ಲಿ ಮೇಲಿನ ಪದರವನ್ನಷ್ಟೇ ಕೆತ್ತಿ ಕಳುಹಿಸಿದರೆ ಗಡ್ಡೆಯ ತಳವೇ ಸಿಗದೆ, ಮುಂದಿನ ನಿರ್ಧಾರಗಳೆಲ್ಲ ಅಂದಾಜಿನ ಮೇಲೆ ನಿಲ್ಲುತ್ತವೆ.

ಕ್ಯಾನ್ಸರಿನ ಹಂತಗಳನ್ನು ಗೊತ್ತುಪಡಿಸುವ ಅಮೆರಿಕದ ಸಮಿತಿ ಎಜೆಸಿಸಿಯ ಕೈಪಿಡಿಯ 8ನೆಯ ಆವೃತ್ತಿಯ ಪ್ರಕಾರ, 0.8 ಮಿ.ಮೀ.ಗಿಂತ ತೆಳುವಾಗಿದ್ದು ಹುಣ್ಣಾಗಿಲ್ಲದಿದ್ದರೆ ಅದು ಟಿ1ಎ. ಅಷ್ಟೇ ತೆಳುವಾಗಿದ್ದರೂ ಹುಣ್ಣಾಗಿದ್ದರೆ, ಅಥವಾ 0.8ರಿಂದ 1 ಮಿ.ಮೀ. ಇದ್ದರೆ ಟಿ1ಬಿ, 2 ಮಿ.ಮೀ.ವರೆಗೆ ಟಿ2, 4ರವರೆಗೆ ಟಿ3, ಅದಕ್ಕೂ ಮೀರಿದರೆ ಟಿ4. ನೆನಪಿಗೆ ಸುಲಭವಾದ ದಾರಿ ಹೀಗಿದೆ: ಗ್ರಂಥಿಯಲ್ಲಿ ರೋಗ ಸಿಗುವ ಸಂಭವ ಶೇ. 5ಕ್ಕಿಂತ ಕಡಿಮೆ ಇದ್ದರೆ ಪರೀಕ್ಷೆ ಬೇಡ, 5ರಿಂದ 10ರ ನಡುವೆ ಇದ್ದರೆ ರೋಗಿಯೊಂದಿಗೆ ಚರ್ಚಿಸಬೇಕು, 10ನ್ನು ದಾಟಿದರೆ ಪರೀಕ್ಷೆ ಮಾಡಿಸಿಕೊಳ್ಳುವಂತೆ ಸೂಚಿಸಬೇಕು. ಇವು ಮೂರೂ ಸ್ಥೂಲವಾಗಿ ಟಿ1ಎ, ಟಿ1ಬಿ, ಟಿ2 ಮತ್ತು ಅದಕ್ಕಿಂತ ಮೇಲಿನ ಹಂತಗಳಿಗೆ ಹೊಂದುತ್ತವೆ. ಹುಣ್ಣಾಗಿದೆಯೇ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಪೆಥಾಲಜಿಸ್ಟ್ ಹೇಳಬೇಕು. ಒಡೆದ ಹಿಮ್ಮಡಿಯನ್ನು ಕಂಡು ನಾವು ತೀರ್ಮಾನಿಸಬಾರದು.

ಇದೆಲ್ಲ ಕೈಗೆ ಗಂಟು ಸಿಗದಿರುವ ರೋಗಿಗೆ ಮಾತ್ರ ಅನ್ವಯಿಸುತ್ತದೆ. ತೊಡೆಸಂದಿನಲ್ಲಿ ಗಂಟು ಕೈಗೆ ಸಿಕ್ಕರೆ ದಾರಿಯೇ ಬೇರೆ: ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಪರೀಕ್ಷೆ ಮಾಡಿಸಬೇಕು. ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಕಾಲಿನ ಬಿರುಕು, ಬೆರಳ ಸಂದಿನ ಸೋಂಕುಗಳಿಂದಲೂ ಅಲ್ಲಿ ಗಂಟು ಏಳುವುದು ಸಾಮಾನ್ಯವಾದ್ದರಿಂದ, ಮುಟ್ಟಿದ ಮಾತ್ರಕ್ಕೆ ಕ್ಯಾನ್ಸರ್ ಎನ್ನುವಂತಿಲ್ಲ. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಖಚಿತವಾದರೂ ಈಗ ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋಗುವುದಿಲ್ಲ. ಮೊದಲು ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಔಷಧ) ಕೊಟ್ಟು ಆಮೇಲೆ ಗ್ರಂಥಿಗಳನ್ನು ತೆಗೆದರೆ ರೋಗ ಮರುಕಳಿಸುವುದು ಕಡಿಮೆ ಎಂಬುದನ್ನು 2023ರ ಎಸ್1801 ಮತ್ತು 2024ರ ನಾಡಿನಾ ಅಧ್ಯಯನಗಳು ತೋರಿಸಿವೆ.

ಮೊದಲ ಗ್ರಂಥಿ ಯಾವುದು

ಗಡ್ಡೆ ಇರುವ ಜಾಗದಿಂದ ದುಗ್ಧರಸ ನೇರವಾಗಿ ಹರಿದು ಸೇರುವ ಮೊದಲ ಗ್ರಂಥಿಯೇ ಸೆಂಟಿನೆಲ್ ಗ್ರಂಥಿ. ಅದರಲ್ಲಿ ರೋಗವಿಲ್ಲದಿದ್ದರೆ ಅದರ ಮುಂದಿನವುಗಳಲ್ಲಿ ಇರುವ ಸಂಭವ ತೀರ ಕಡಿಮೆ ಎಂಬ ತರ್ಕದ ಮೇಲೆ, ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು 1992ರಲ್ಲಿ ನೀಲಿ ಬಣ್ಣ ಬಳಸುವ ವಿಧಾನವನ್ನು ಪ್ರಕಟಿಸಿದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲ್ಭಾಗದ ತೂಬನ್ನು ಮುಟ್ಟದೆ ಕೊನೆ ಭಾಗದ ಹೊಲಕ್ಕೆ ಬರುವುದಿಲ್ಲವಷ್ಟೆ, ತರ್ಕ ಅದೇ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು; ಏಕೆಂದರೆ ಒಂದೇ ಗಡ್ಡೆಯಿಂದ ಎರಡು ಮೂರು ನಾಳಗಳು ಬೇರೆ ಬೇರೆ ಗ್ರಂಥಿಗಳಿಗೆ ನೇರವಾಗಿ ಹೋಗಬಹುದು, ಆಗ ಅವೆಲ್ಲವೂ ಸೆಂಟಿನೆಲ್ ಗ್ರಂಥಿಗಳೇ. ಹತ್ತಿರದ ಗ್ರಂಥಿಯೇ ಮೊದಲನೆಯದು ಎಂದೂ ಹೇಳಲಾಗದು. ಅಂಗಾಲಿನಿಂದ ಸಾಮಾನ್ಯವಾಗಿ ತೊಡೆಸಂದಿಗೆ ಹರಿಯುವ ರಸ ಕೆಲವರಲ್ಲಿ ಮೊಣಕಾಲ ಹಿಂಭಾಗದ ಗ್ರಂಥಿಗೂ ಹೋಗುತ್ತದೆ. ಬೆನ್ನಿನ ಗಡ್ಡೆ ಎಡ ಕಂಕುಳಿಗೆ ಹರಿಯುತ್ತದೋ ಬಲ ಕಂಕುಳಿಗೋ ಎಂಬುದನ್ನು ನೋಡಿ ಊಹಿಸಲಾಗದು.

ಅದಕ್ಕಾಗಿಯೇ ಗಡ್ಡೆಯ ಅಥವಾ ಬಯಾಪ್ಸಿ ಗಾಯದ ಸುತ್ತ ಚರ್ಮದೊಳಗೆ ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಬೆರೆಸಿದ ದ್ರವವನ್ನು ಚುಚ್ಚಿ, ಗಾಮಾ ಕ್ಯಾಮೆರಾದಲ್ಲಿ ಹರಿವಿನ ಜಾಡನ್ನು ನೋಡುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 6 ಗಂಟೆಯಾದ್ದರಿಂದ ಶಸ್ತ್ರಚಿಕಿತ್ಸೆಯ ದಿನವೋ ಅದರ ಹಿಂದಿನ ದಿನವೋ ಇದನ್ನು ಮಾಡಬೇಕು; ಆ ಸೌಲಭ್ಯವಿಲ್ಲದ ಕಡೆಯಿಂದ ರೋಗಿಯನ್ನು ಬೆಂಗಳೂರಿಗೋ ಹೈದರಾಬಾದಿಗೋ ಕಳುಹಿಸುವಾಗ ಎರಡನ್ನೂ ಒಂದೇ ಕೇಂದ್ರದಲ್ಲಿ ಗೊತ್ತುಪಡಿಸುವುದು ಇದೇ ಕಾರಣಕ್ಕೆ. ಶಸ್ತ್ರಚಿಕಿತ್ಸೆಯ ವೇಳೆ ನೀಲಿ ಬಣ್ಣವನ್ನೂ ಚುಚ್ಚಿ, ನೀಲಿಯಾದ ಗ್ರಂಥಿಗಳನ್ನೂ, ವಿಕಿರಣವನ್ನು ಎಣಿಸುವ ಗಾಮಾ ಪ್ರೋಬಿನಲ್ಲಿ ಅತಿ ಹೆಚ್ಚು ಎಣಿಕೆ ತೋರಿದ ಗ್ರಂಥಿಯ ಶೇ. 10ರಷ್ಟಾದರೂ ಎಣಿಕೆ ಇರುವ ಇತರ ಗ್ರಂಥಿಗಳನ್ನೂ ತೆಗೆಯುತ್ತಾರೆ. ಆ ಬಣ್ಣದಿಂದ ಪಲ್ಸ್ ಆಕ್ಸಿಮೀಟರ್ ಆಮ್ಲಜನಕವನ್ನು ಸುಳ್ಳಾಗಿ ಕಡಿಮೆ ತೋರಿಸಬಹುದೆಂದು ಅರಿವಳಿಕೆ ತಜ್ಞರಿಗೂ, ಮೂತ್ರ ನೀಲಿ-ಹಸಿರಾಗಬಹುದೆಂದು ರೋಗಿಗೂ ಮೊದಲೇ ತಿಳಿಸಬೇಕು.

ಗಡ್ಡೆಯ ಸುತ್ತಲ ಚರ್ಮವನ್ನು ಅಗಲವಾಗಿ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಇದರ ಜೊತೆಯಲ್ಲಿಯೇ ಮಾಡಬೇಕು. ಅದನ್ನು ಮೊದಲೇ ಮುಗಿಸಿಬಿಟ್ಟರೆ ನಾಳಗಳ ಸಹಜ ಜಾಡು ಕೆಟ್ಟು, ನಂತರ ಸಿಗುವ ಗ್ರಂಥಿ ನಿಜವಾದ ಮೊದಲ ಗ್ರಂಥಿಯೇ ಎಂದು ನಂಬುವುದು ಕಷ್ಟ. ತೆಗೆದ ಗ್ರಂಥಿಯನ್ನು ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್ ಸೆಕ್ಷನ್‌ಗೆ ಕೊಡದೆ, ಹಲವು ಪದರಗಳಾಗಿ ಕತ್ತರಿಸಿ ಎಸ್100, ಎಚ್‌ಎಂಬಿ-45, ಮೆಲಾನ್-ಎ ಮುಂತಾದ ಬಣ್ಣಗಳಲ್ಲಿ ನೋಡುತ್ತಾರೆ.

62, 85 ಮತ್ತು 81

ಪಾಠದ ತೊಡಕೆಲ್ಲ ಇರುವುದು ಇಲ್ಲಿ. ಎಂಎಸ್‌ಎಲ್‌ಟಿ-1 ಎಂಬ ಅಧ್ಯಯನದ ಅಂತಿಮ ಫಲಿತಾಂಶ 2014ರಲ್ಲಿ ಬಂತು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೆಂಟಿನೆಲ್ ಪರೀಕ್ಷೆ ನಡೆಸಿ, ರೋಗ ಸಿಕ್ಕರೆ ಉಳಿದ ಗ್ರಂಥಿಗಳನ್ನೂ ತೆಗೆದರು; ಇನ್ನೊಂದು ಗುಂಪನ್ನು ಬರಿದೇ ಗಮನಿಸುತ್ತ, ಗಂಟು ಕಾಣಿಸಿದಾಗ ಮಾತ್ರ ತೆಗೆದರು. 1.2ರಿಂದ 3.5 ಮಿ.ಮೀ. ದಪ್ಪದ ಗಡ್ಡೆಯವರಲ್ಲಿ ಎರಡು ಬಗೆಯ ಅಂಕಿಗಳು ಸಿಗುತ್ತವೆ. ಪರೀಕ್ಷೆ ಮಾಡಿಸಿಕೊಂಡವರೊಳಗೆ ಗ್ರಂಥಿಯಲ್ಲಿ ರೋಗವಿದ್ದವರಲ್ಲಿ 10 ವರ್ಷಗಳ ನಂತರ ಮೆಲನೋಮದಿಂದ ಸಾಯದೆ ಉಳಿದವರು ಸುಮಾರು ಶೇ. 62, ರೋಗವಿಲ್ಲದವರಲ್ಲಿ ಸುಮಾರು ಶೇ. 85. ಆದರೆ ಇಡೀ ಗುಂಪುಗಳನ್ನು ಹೋಲಿಸಿದರೆ, ಪರೀಕ್ಷೆಯ ಗುಂಪಿನಲ್ಲಿ ಶೇ. 81.4, ಗಮನಿಸುತ್ತ ಇದ್ದ ಗುಂಪಿನಲ್ಲಿ ಶೇ. 78.3, ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಲ್ಲ.

62 ಮತ್ತು 85ರ ನಡುವೆ ಅಷ್ಟು ಅಂತರವಿದ್ದೂ ಪರೀಕ್ಷೆಯಿಂದ ಜೀವ ಉಳಿಯುವುದಿಲ್ಲವೆಂದರೆ ಏನರ್ಥ? ಉತ್ತರ ಕಾಣಬೇಕಾದರೆ ನೂರು ಜನರನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಈ ದಪ್ಪದ ಗಡ್ಡೆಯಿದ್ದು ಪರೀಕ್ಷೆ ಮಾಡಿಸಿಕೊಂಡ ನೂರು ಜನರಲ್ಲಿ ಗ್ರಂಥಿಯಲ್ಲಿ ರೋಗ ಸಿಕ್ಕಿದ್ದು ಸುಮಾರು 16 ಮಂದಿಗೆ, ಸಿಗದಿದ್ದವರು 84. ಹದಿನಾರರ ಶೇ. 62 ಎಂದರೆ ಸುಮಾರು 10, ಎಂಬತ್ತನಾಲ್ಕರ ಶೇ. 85 ಎಂದರೆ ಸುಮಾರು 71. ಕೂಡಿಸಿದರೆ 81, ಅಂದರೆ ಇಡೀ ಗುಂಪಿನ ಅಂಕಿಯೇ. 62 ಮತ್ತು 85 ಎಂಬುವು ಎರಡು ಚಿಕಿತ್ಸೆಗಳ ಫಲವಲ್ಲ. ಎರಡೂ ಕಡೆಯವರಿಗೆ ಅದೇ ಪರೀಕ್ಷೆ ನಡೆದಿದೆ. ಮೊದಲೇ ಬೇರೆ ಬೇರೆ ಹಾದಿಯಲ್ಲಿದ್ದ ಎರಡು ಬಗೆಯ ರೋಗಿಗಳನ್ನು ಪರೀಕ್ಷೆ ಎರಡು ಸಾಲಿನಲ್ಲಿ ನಿಲ್ಲಿಸಿತು, ಅಷ್ಟೆ. ಪರೀಕ್ಷೆ ಮಾಡದ ಗುಂಪಿನಲ್ಲಿಯೂ ಅಂಥವರೇ ಇದ್ದರು, ಆದರೆ ಬೆರೆತುಕೊಂಡಿದ್ದರು. ಚಿಕಿತ್ಸೆಯ ಫಲವನ್ನು ತಿಳಿಯಬೇಕಾದರೆ ಚೀಟಿ ಎತ್ತಿ ಮಾಡಿದ ಗುಂಪುಗಳನ್ನೇ, ಅಂದರೆ 81.4 ಮತ್ತು 78.3ನ್ನೇ, ಪಕ್ಕಪಕ್ಕ ಇಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಆ ನೂರರಲ್ಲಿ ಗ್ರಂಥಿಯಲ್ಲಿ ರೋಗವೇ ಇಲ್ಲದವರಿಗೆ ಗ್ರಂಥಿ ತೆಗೆಯುವುದರಿಂದ ಯಾವ ಲಾಭವೂ ಆಗದು. ಲಾಭವಾಗಬಹುದಾದವರು ಆರನೆಯ ಒಂದು ಭಾಗದಷ್ಟು ಮಾತ್ರ ಇರುವುದರಿಂದ, ಅವರಿಗೆ ನಿಜವಾಗಿ ಅನುಕೂಲವಾಗಿದ್ದರೂ ಒಟ್ಟು ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಇದನ್ನು ಹಿಡಿದು, ರೋಗವಿದ್ದ ಗ್ರಂಥಿಯವರನ್ನು ಮಾತ್ರ ಹೋಲಿಸಿ, ಬೇಗ ತೆಗೆಸಿಕೊಂಡವರಲ್ಲಿ ಶೇ. 62, ಗಂಟು ಕಾಣಿಸಿದ ಮೇಲೆ ತೆಗೆಸಿಕೊಂಡವರಲ್ಲಿ ಶೇ. 41.5 ಎಂದು ಸಂಶೋಧಕರು ತೋರಿಸಿದರು. ಆದರೆ ಈ ಗುಂಪುಗಳು ಚೀಟಿ ಎತ್ತಿದ ನಂತರದ ಘಟನೆಗಳಿಂದ ರೂಪುಗೊಂಡವು ಎಂಬ ಆಕ್ಷೇಪ ಗಟ್ಟಿಯಾಗಿಯೇ ಇದೆ. ನನ್ನ ದೃಷ್ಟಿಯಲ್ಲಿ ಉತ್ತರಪತ್ರಿಕೆಯಲ್ಲಿ ಈ ಅಂಕಿಯನ್ನು ಬರೆಯುವವರು ಆಕ್ಷೇಪವನ್ನೂ ಜೊತೆಯಲ್ಲಿಯೇ ಬರೆಯಬೇಕು.

ಹಾಗಾದರೆ ಪರೀಕ್ಷೆ ಏತಕ್ಕೆ? ರೋಗದ ಹಂತವನ್ನು ಅಳೆಯುವುದಕ್ಕೆ. ಕೈಗೆ ಸಿಗದ ಒಂದೇ ಗ್ರಂಥಿಯಲ್ಲಿ ರೋಗ ಸಿಕ್ಕರೂ ಗ್ರಂಥಿಯ ಲೆಕ್ಕದಲ್ಲಿ ಅದು ಎನ್1ಎ, ಅಂದರೆ ರೋಗದ 3ನೆಯ ಹಂತ. ಹಂತ ಬದಲಾದರೆ ಇಮ್ಯುನೋಥೆರಪಿ ಔಷಧಗಳಾದ ಪೆಂಬ್ರೊಲಿಜುಮ್ಯಾಬ್ ಅಥವಾ ನಿವೊಲುಮ್ಯಾಬ್‌ನ ಒಂದು ವರ್ಷದ ಚಿಕಿತ್ಸೆಯ ಚರ್ಚೆ ಬರುತ್ತದೆ. ಬಿಆರ್‌ಎಎಫ್ ವಿ600 ಎಂಬ ಜೀನ್ ಬದಲಾವಣೆ ಗಡ್ಡೆಯಲ್ಲಿ ಇದ್ದವರಿಗೆ ಡಬ್ರಾಫೆನಿಬ್ ಮತ್ತು ಟ್ರಮೆಟಿನಿಬ್ ಜೋಡಿಯೂ ಇದೆ, ಆದರೆ ಅಂಗಾಲಿನ ಮೆಲನೋಮದಲ್ಲಿ ಆ ಬದಲಾವಣೆ ಅಷ್ಟಾಗಿ ಸಿಗುವುದಿಲ್ಲ.

ರೋಗ ಸಿಕ್ಕ ಮೇಲೆ

ಮೊದಲ ಗ್ರಂಥಿಯಲ್ಲಿ ರೋಗ ಸಿಕ್ಕರೆ ಉಳಿದವನ್ನೆಲ್ಲ ತೆಗೆಯುವುದು ಹಿಂದಿನ ಪದ್ಧತಿ. 2016ರ ಜರ್ಮನ್ ಅಧ್ಯಯನ ಡೀಕಾಗ್ ಮತ್ತು 2017ರ ಎಂಎಸ್‌ಎಲ್‌ಟಿ-2 ಅದನ್ನು ಬದಲಾಯಿಸಿದವು. ಎಂಎಸ್‌ಎಲ್‌ಟಿ-2ರಲ್ಲಿ 3 ವರ್ಷಗಳ ನಂತರ ಮೆಲನೋಮದಿಂದ ಸಾಯದೆ ಉಳಿದವರು ಎರಡೂ ಗುಂಪಿನಲ್ಲಿ ಶೇ. 86. ಎಲ್ಲ ಗ್ರಂಥಿ ತೆಗೆಸಿಕೊಂಡವರಲ್ಲಿ ಆ ಜಾಗದ ಗ್ರಂಥಿಗಳಲ್ಲಿ ರೋಗ ಮರುಕಳಿಸದೆ ಉಳಿದವರು ಶೇ. 92, ಗಮನಿಸುತ್ತ ಇದ್ದವರಲ್ಲಿ ಶೇ. 77, ಆದರೆ ದುಗ್ಧರಸ ನಿಂತು ಅಂಗ ಬಾತುಕೊಂಡದ್ದು ಮೊದಲನೆಯವರಲ್ಲಿ ಶೇ. 24.1, ಎರಡನೆಯವರಲ್ಲಿ ಶೇ. 6.3. ನಾಟಿಯ ಕಾಲದಲ್ಲಿ ದಿನವಿಡೀ ಕೆಸರಿನಲ್ಲಿ ನಿಲ್ಲುವ ಹೆಣ್ಣುಮಗಳಿಗೆ ಬಾತ ಕಾಲು ಮತ್ತೆ ಮತ್ತೆ ಸೋಂಕಾಗುವ ಕಾಲೂ ಹೌದು, ಕೂಲಿ ತಪ್ಪಿಸುವ ಕಾಲೂ ಹೌದು.

ಆದರೆ ಗಮನಿಸುವುದೆಂದರೆ ಸುಮ್ಮನಿರುವುದಲ್ಲ. ಆ ಅಧ್ಯಯನದಲ್ಲಿ ಮೊದಲ 2 ವರ್ಷ 4 ತಿಂಗಳಿಗೊಮ್ಮೆ, 3ರಿಂದ 5ನೆಯ ವರ್ಷದವರೆಗೆ 6 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರೋಗಿಯನ್ನು ಪರೀಕ್ಷಿಸಿದರು, ಮತ್ತು ಮೊದಲ 5 ವರ್ಷ ಪ್ರತಿ ಭೇಟಿಯಲ್ಲಿ ಗ್ರಂಥಿಗಳ ಅಲ್ಟ್ರಾಸೌಂಡ್ ನಡೆಸಿದರು. ಮಸ್ಕಿಯಿಂದಲೋ ಕುಷ್ಟಗಿಯಿಂದಲೋ ಬರುವ ರೋಗಿ ಇದಕ್ಕೆಲ್ಲ ಬೆಂಗಳೂರಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಅಲ್ಟ್ರಾಸೌಂಡ್ ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೇ ಆಗುತ್ತದೆ. ಚೀಟಿಯಲ್ಲಿ ಬರಿದೇ ಸ್ಕ್ಯಾನಿಂಗ್ ಎಂದು ಬರೆದರೆ ಹೊಟ್ಟೆಯನ್ನು ನೋಡಿ ಕಳುಹಿಸಿಬಿಡುವ ಸಂಭವವಿರುವುದರಿಂದ, ಯಾವ ಕಡೆಯ ತೊಡೆಸಂದು, ಮೊಣಕಾಲ ಹಿಂಭಾಗವನ್ನೂ ನೋಡಬೇಕೇ, ಮೊದಲು ತೆಗೆದ ಗ್ರಂಥಿ ಎಲ್ಲಿತ್ತು ಎಂಬುದನ್ನು ರೇಡಿಯಾಲಜಿಸ್ಟರಿಗೆ ಬಿಡಿಸಿ ಬರೆದು, ಹಿಂದಿನ ವರದಿಯ ಪ್ರತಿಯನ್ನೂ ರೋಗಿಯ ಕೈಯಲ್ಲಿ ಕೊಟ್ಟು ಕಳುಹಿಸಬೇಕು.