ದಾಬೋಳಿಯ ಮೇಲೆ ಸುತ್ತಿ ವಾಪಸು ಹೋದ ವಿಮಾನ

ಆಷಾಢದ ಸಂಜೆ. ಕಾರವಾರದಿಂದ ಕಾರು ಮಾಡಿಕೊಂಡು ಗೋವಾದ ದಾಬೋಳಿ ನಿಲ್ದಾಣಕ್ಕೆ ಹೋದವರು ನೆಂಟರಿಗಾಗಿ ಕಾಯುತ್ತ ನಿಂತಿರುತ್ತಾರೆ. ಬೆಂಗಳೂರಿನ ವಿಮಾನ ಮೋಡದ ಮೇಲೆ ಅರ್ಧ ತಾಸು ಸುತ್ತುತ್ತದೆ, ಒಮ್ಮೆ ಇಳಿಯಲು ಬಂದು ಮತ್ತೆ ಮೇಲೇರುತ್ತದೆ, ಕೊನೆಗೆ ಬೆಂಗಳೂರಿಗೇ ವಾಪಸು ಹೋಗುತ್ತದೆ. ಹತ್ತು ನಿಮಿಷದಲ್ಲಿ ಮಳೆ ನಿಲ್ಲುತ್ತದೆ. "ಇನ್ನೊಂದು ಚೂರು ಕಾದಿದ್ದರೆ ಆಗ್ತಿರಲಿಲ್ವಾ?" ಎಂದು ಕೆಳಗೆ ನಿಂತವರು ಕೇಳುವುದು ಸಹಜ. ಆದರೆ ಎಷ್ಟು ಹೊತ್ತು ಕಾಯಬಹುದು ಎಂಬ ಲೆಕ್ಕ ಬಹುಪಾಲು ವಿಮಾನ ಹೊರಡುವ ಮೊದಲೇ ಬೆಂಗಳೂರಿನಲ್ಲಿ ಆಗಿರುತ್ತದೆ. ಎಣ್ಣೆ ಎಷ್ಟು, ಪೈಲಟ್‌ಗಳ ಡ್ಯೂಟಿ ಎಷ್ಟು ಉಳಿದಿದೆ, ಅದೇ ವಿಮಾನ ಮುಂದೆ ಎಲ್ಲಿಗೆ ಹೋಗಬೇಕು ಎಂಬ ಮೂರೂ ಅದರಲ್ಲಿ ಸೇರಿವೆ.

ಮೊದಲು ಎಣ್ಣೆ. ಏರ್‌ಬಸ್ ಎ320 ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಸುಡುತ್ತದೆ. ಬೆಂಗಳೂರು–ಗೋವಾ ಹಾರಾಟ ಹೆಚ್ಚುಕಡಿಮೆ ಒಂದು ತಾಸಿನದು. ಪ್ರಯಾಣಕ್ಕೆ ಎರಡೂವರೆ ಟನ್ ಎಂದಿಟ್ಟುಕೊಂಡರೆ, ಅದರ ಜೊತೆ ನೆಲದ ಮೇಲೆ ಓಡಾಡುವುದಕ್ಕೆ ಒಂದಿಷ್ಟು, ಗಾಳಿ ಎದುರಾದರೆ ಅಥವಾ ದಾರಿ ಸುತ್ತಾದರೆ ಬೇಕಾಗುವ ಸುಮಾರು ಶೇ 5ರಷ್ಟು, ಗಮ್ಯದಲ್ಲಿ ಇಳಿಯಲು ಆಗದಿದ್ದರೆ ಪರ್ಯಾಯ ನಿಲ್ದಾಣ ತಲುಪುವಷ್ಟು, ಎಲ್ಲಕ್ಕಿಂತ ಕೆಳಗೆ 30 ನಿಮಿಷದ ಅಂತಿಮ ಮೀಸಲು. ಈ ಕೊನೆಯದನ್ನು ಮುಟ್ಟುವ ಯೋಜನೆ ಹಾಕುವಂತೆಯೇ ಇಲ್ಲ. ಇಳಿಯುವಾಗ ಟ್ಯಾಂಕಿನಲ್ಲಿ ಅದಕ್ಕಿಂತ ಕಡಿಮೆ ಉಳಿಯುತ್ತದೆ ಎಂದು ಲೆಕ್ಕ ತೋರಿಸಿದರೆ ಪೈಲಟ್ ರೇಡಿಯೊದಲ್ಲಿ "ಮೇಡೇ ಫ್ಯುಯೆಲ್" ಎಂದು ತುರ್ತು ಸ್ಥಿತಿ ಸಾರಲೇಬೇಕು.

ಹಾಗಾದರೆ ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿಬಿಟ್ಟರಾಯಿತಲ್ಲ? ಎ320ರ ಟ್ಯಾಂಕಿನಲ್ಲಿ 18 ಟನ್‌ಗೂ ಮಿಕ್ಕಿ ಜಾಗ ಇದೆ. ತೊಂದರೆ ತೂಕದ್ದು. ಹೆಚ್ಚುವರಿ ಒಂದು ಟನ್ ಹೊತ್ತರೆ ಅದನ್ನು ಹೊರುವುದಕ್ಕೇ ಗಂಟೆಗೆ ಸುಮಾರು 30 ಕಿಲೋ ಸುಡುತ್ತದೆ. ಒಂದು ಹಾರಾಟಕ್ಕೆ ಇದು ದೊಡ್ಡ ಮೊತ್ತವಲ್ಲ. ಆದರೆ ವಿಮಾನ ಸಂಸ್ಥೆಗಳ ಖರ್ಚಿನಲ್ಲಿ ಇಂಧನದ ಪಾಲು ಶೇ 30ರಿಂದ 40 ಇರುವಾಗ, ದಿನಕ್ಕೆ ನೂರಾರು ಹಾರಾಟಗಳಿಗೆ ಗುಣಿಸಿದರೆ ಅದೇ ಚಿಲ್ಲರೆ ಲೆಕ್ಕಪತ್ರದಲ್ಲಿ ಎದ್ದು ಕಾಣುತ್ತದೆ. ಇನ್ನೊಂದು ಕಾರಣವೂ ಇದೆ: ಭಾರದ ವಿಮಾನ ಇಳಿಯುವಾಗ ವೇಗ ಹೆಚ್ಚಿರಬೇಕು, ನಿಲ್ಲಲು ಉದ್ದ ರನ್‌ವೇ ಬೇಕು. ರನ್‌ವೇ ಒದ್ದೆಯಾಗಿದ್ದಾಗ ಕೊರತೆ ಬೀಳುವುದೂ ಅದೇ ಉದ್ದಕ್ಕೆ. ಆದರೂ ಕರಾವಳಿಯ ಮಳೆಗೆ ಹೊರಟ ಕ್ಯಾಪ್ಟನ್ ಒಂದು ಟನ್ ಹೆಚ್ಚು ಕೇಳಿದರೆ ಅವರನ್ನು ಕಾರಣ ಕೇಳುವ ಸಂಸ್ಥೆ ತಪ್ಪು ಜಾಗದಲ್ಲಿ ಉಳಿತಾಯ ಮಾಡುತ್ತಿದೆ. ಶಿರಸಿ ಕಡೆ ಮಳೆ ಹಿಡಿಯುವ ಮೊದಲೇ ಕಟ್ಟಿಗೆ ಒಣಗಿಸಿ ಕೊಟ್ಟಿಗೆಗೆ ಸೇರಿಸುತ್ತಾರೆ. ಉಳಿದರೆ ಉಳಿಯಲಿ, ಆಗಸ್ಟ್‌ನಲ್ಲಿ ಹಸಿ ಕಟ್ಟಿಗೆ ಊದುತ್ತ ಕೂರುವವರು ಯಾರು?

ಒದ್ದೆ ರನ್‌ವೇಯ ಲೆಕ್ಕ ನೋಡಿ. ಪರೀಕ್ಷಾ ಹಾರಾಟದಲ್ಲಿ 1,000 ಮೀಟರ್‌ನಲ್ಲಿ ನಿಂತ ಜೆಟ್ ವಿಮಾನವನ್ನು ಒಣ ರನ್‌ವೇಗೆ ಕಳುಹಿಸಬೇಕಾದರೆ ಕನಿಷ್ಠ 1,670 ಮೀಟರ್ ಇರಬೇಕು. ಒದ್ದೆಯಾಗಿದ್ದರೆ ಅದರ ಮೇಲೆ ಇನ್ನೂ ಶೇ 15, ಅಂದರೆ ಸುಮಾರು 1,920 ಮೀಟರ್. ಇದು ಬರೀ ಒದ್ದೆ ರನ್‌ವೇಯ ಮಾತು. ನೀರು 3 ಮಿಲಿಮೀಟರ್‌ಗಿಂತ ಹೆಚ್ಚು ನಿಂತರೆ ಲೆಕ್ಕವೇ ಬೇರೆ. ಆಗ ಟೈರು ಡಾಂಬರನ್ನು ಮುಟ್ಟದೆ ನೀರಿನ ಪದರದ ಮೇಲೆ ತೇಲಬಹುದು. ಯಾವ ವೇಗದಿಂದ ತೇಲುತ್ತದೆ ಎಂಬುದಕ್ಕೆ ಹಳೆಯ ಸೂತ್ರವೊಂದಿದೆ: ಟೈರಿನ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿ. ಒತ್ತಡ 200 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಇದ್ದರೆ 127 ನಾಟ್, ಅಂದರೆ ಗಂಟೆಗೆ ಸುಮಾರು 235 ಕಿಲೋಮೀಟರ್. ಜೆಟ್‌ಗಳು ನೆಲ ಮುಟ್ಟುವುದು ಹೆಚ್ಚುಕಡಿಮೆ ಇದೇ ವೇಗದಲ್ಲಿ. ಬ್ರೇಕ್ ಹಿಡಿಯಬೇಕಾದ ಮೊದಲ ಕ್ಷಣಗಳಲ್ಲೇ ಹಿಡಿತ ತಪ್ಪುವ ಸಂಭವ ಇರುವುದು ಇದಕ್ಕೇ. ಅದಕ್ಕಾಗಿಯೇ ರನ್‌ವೇಗೆ ಗೀರು ಹಾಕುತ್ತಾರೆ, ಟೈರು ಬಿಟ್ಟ ರಬ್ಬರನ್ನು ಆಗಾಗ ತೆಗೆಯುತ್ತಾರೆ. ಮಳೆಯಲ್ಲಿ ಪೈಲಟ್ ವಿಮಾನವನ್ನು ನಯವಾಗಿ ಇಳಿಸದೆ ಗಟ್ಟಿಯಾಗಿ ಕೂರಿಸುವುದೂ ನೀರಿನ ಪದರ ಒಡೆದು ಟೈರು ನೆಲ ಹಿಡಿಯಲಿ ಎಂದೇ. ಒಳಗೆ ಕುಳಿತವರಿಗೆ ದಡಕ್ ಎನ್ನಿಸಿದ್ದು ಒಳ್ಳೆಯ ಇಳಿತವೇ.

ರನ್‌ವೇ ಮೀರಿದರೆ ಏನಾಗುತ್ತದೆ ಎಂಬ ಪಾಠ ನಮ್ಮ ಕರಾವಳಿಗೆ ಎರಡು ಸಲ ತುಂಬ ದುಬಾರಿಯಾಗಿದೆ. 2010ರ ಮೇ 22ರಂದು ಮಂಗಳೂರಿನ ಗುಡ್ಡದ ತಲೆಯ ರನ್‌ವೇ ದಾಟಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಉಳಿದವರು 8. ಅಂದು ಮಳೆಯ ತಪ್ಪೇನೂ ಇರಲಿಲ್ಲ. ವಿಮಾನ ತುಂಬ ಎತ್ತರದಿಂದ, ತುಂಬ ವೇಗದಲ್ಲಿ ಬಂದಿತ್ತು. "ಗೋ ಅರೌಂಡ್", ಅಂದರೆ ಇಳಿಯುವುದು ಬಿಟ್ಟು ಮೇಲೇರೋಣ ಎಂದು ಸಹ ಪೈಲಟ್ ಮತ್ತೆ ಮತ್ತೆ ಹೇಳಿದ್ದರೂ ಕ್ಯಾಪ್ಟನ್ ಮುಂದುವರಿಸಿದ್ದರು. ಹಾರಾಟದ ಬಹುಹೊತ್ತು ಅವರು ನಿದ್ರೆಯಲ್ಲಿದ್ದರೆಂದು ವಿಚಾರಣೆಯಲ್ಲಿ ಗೊತ್ತಾಯಿತು.

ಎರಡನೆಯದು 2020ರ ಆಗಸ್ಟ್ 7, ಕೋಯಿಕ್ಕೋಡ್. ಜೋರು ಮಳೆ, ಹಿಂದಿನಿಂದ ಗಾಳಿ, ಕ್ಯಾಪ್ಟನ್ ಕಡೆಯ ವೈಪರ್ ಕೈಕೊಟ್ಟಿತ್ತು. 2,700 ಮೀಟರ್ ರನ್‌ವೇಯಲ್ಲಿ ಅರ್ಧ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು, ವಿಮಾನ ರನ್‌ವೇ ದಾಟಿ ಕೆಳಗೆ ಬಿತ್ತು. 21 ಜನ ಸತ್ತರು. ತನಿಖಾ ವರದಿ ಕಾಕ್‌ಪಿಟ್‌ಗೇ ನಿಲ್ಲಲಿಲ್ಲ: ಕೋಯಿಕ್ಕೋಡ್‌ನಲ್ಲಿ ಸಾಕಷ್ಟು ಕ್ಯಾಪ್ಟನ್‌ಗಳನ್ನು ನೇಮಿಸಿರಲಿಲ್ಲ, ಮರುದಿನ ಬೆಳಿಗ್ಗೆಯ ಹಾರಾಟವನ್ನೂ ಇದೇ ಕ್ಯಾಪ್ಟನ್ ನಡೆಸಬೇಕಿತ್ತು, ಹೇಗಾದರೂ ಅಲ್ಲೇ ಇಳಿಯಬೇಕೆಂಬ ಒತ್ತಡ ಅವರ ಮನಸ್ಸಿನಲ್ಲಿತ್ತು ಎಂದು ಅದು ಗುರುತಿಸಿತು. ಯಾವ ಊರಿನಲ್ಲಿ ಎಷ್ಟು ಕ್ಯಾಪ್ಟನ್‌ಗಳಿರಬೇಕು ಎಂಬುದು ಸಿಬ್ಬಂದಿ ವಿಭಾಗದ ಹಾಳೆಯ ಮೇಲಿನ ಒಂದು ಸಂಖ್ಯೆ. ಅದು ಮಳೆಯ ರಾತ್ರಿ ಕಾಕ್‌ಪಿಟ್‌ನೊಳಗೆ ಬಂದು ಕೂತಿತ್ತು.

ಆ ಸಂಖ್ಯೆ ಹೇಗೆ ಬರುತ್ತದೆ? ಕಡಿಮೆ ದರದ ಸಂಸ್ಥೆಯ ಒಂದು ಜೆಟ್ ದಿನಕ್ಕೆ 12–13 ತಾಸು ಹಾರಿದರೆ ವರ್ಷಕ್ಕೆ ಸುಮಾರು 4,500 ತಾಸು. ಒಬ್ಬ ಪೈಲಟ್ ವರ್ಷಕ್ಕೆ 1,000 ತಾಸಿಗಿಂತ ಹೆಚ್ಚು ಹಾರುವಂತಿಲ್ಲ. ರಜೆ, ಕಾಯಿಲೆ, ಸಿಮ್ಯುಲೇಟರ್ ಪರೀಕ್ಷೆ, ಸ್ಟ್ಯಾಂಡ್‌ಬೈ ದಿನಗಳನ್ನು ಕಳೆದರೆ ಕೈಗೆ ಸಿಗುವುದು 750 ಎಂದುಕೊಳ್ಳೋಣ. ಅಂದರೆ ಒಂದು ವಿಮಾನಕ್ಕೆ ಆರು ಜೋಡಿ, 12 ಪೈಲಟ್‌ಗಳು. ಐದೇ ಜೋಡಿ ಇಟ್ಟುಕೊಂಡರೂ ಚಳಿಗಾಲದ ಶುಭ್ರ ಆಕಾಶದಲ್ಲಿ ವೇಳಾಪಟ್ಟಿ ಓಡೀತು. ಮಳೆ ಬಂದು ನಾಲ್ಕು ವಿಮಾನ ಬೇರೆ ಊರಿಗೆ ಹೋದ ದಿನ ಬಣ್ಣ ಬಯಲಾಗುತ್ತದೆ: ಪೈಲಟ್‌ಗಳು ಮಧ್ಯಾಹ್ನದಿಂದ ಡ್ಯೂಟಿಯಲ್ಲಿದ್ದಾರೆ, ಪರ್ಯಾಯ ನಿಲ್ದಾಣದಲ್ಲಿ ಎರಡು ತಾಸು ಕಾದು ಅವರ ಅಂದಿನ ಡ್ಯೂಟಿಯ ಮಿತಿ ಮುಗಿಯಿತು, ಹೊಸ ಜೋಡಿ ಇನ್ನೊಂದು ಊರಿನಲ್ಲಿದೆ. ವಿಮಾನ ಸರಿಯಿದೆ, ಮಳೆಯೂ ನಿಂತಿದೆ, ಹಾರಿಸುವವರಿಲ್ಲ.

2024ರಲ್ಲಿ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಪೈಲಟ್‌ಗಳ ಡ್ಯೂಟಿ, ವಿಶ್ರಾಂತಿಯ ನಿಯಮಗಳನ್ನು ಬಿಗಿ ಮಾಡಿತು. ವಾರದ ವಿಶ್ರಾಂತಿ 36 ತಾಸಿನಿಂದ 48ಕ್ಕೆ ಏರಿತು, ರಾತ್ರಿ ಇಳಿತಗಳ ಮಿತಿ 6ರಿಂದ 2ಕ್ಕೆ ಇಳಿಯಿತು. ಇವು ಹಂತ ಹಂತವಾಗಿ ಬಂದವು, ಎರಡನೇ ಹಂತ 2025ರ ನವೆಂಬರ್ 1ರಿಂದ ಜಾರಿಗೆ ಬಂತು. ಹೊಸ ಲೆಕ್ಕಕ್ಕೆ ಪೈಲಟ್‌ಗಳು ಸಾಲದೆ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದು ಮಾಡಬೇಕಾಯಿತು. ಕ್ಯಾಪ್ಟನ್ ಒಬ್ಬರನ್ನು ಪೇಟೆಯಿಂದ ತರಲಾಗುವುದಿಲ್ಲ. ಆ ಮಟ್ಟದ ಲೈಸೆನ್ಸ್‌ಗೇ 1,500 ತಾಸಿನ ಹಾರಾಟ ಬೇಕು, ಆಮೇಲೆ ತಿಂಗಳುಗಟ್ಟಲೆ ತರಬೇತಿ. ನವೆಂಬರ್‌ಗೆ ಬೇಕಾದವರನ್ನು ಹಿಂದಿನ ವರ್ಷವೇ ಸಿದ್ಧಪಡಿಸಬೇಕು. ಆಗ ನಿಯಮವನ್ನು ದೂರಿದವರು ಬಹಳ. ಆದರೆ ಪೈಲಟ್‌ನ ನಿದ್ರೆ ಕಡಿತ ಮಾಡಿ ವೇಳಾಪಟ್ಟಿ ಉಳಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ವೇಳಾಪಟ್ಟಿಯ ಸ್ವಭಾವ ನಮ್ಮ ಘಟ್ಟದ ಬಸ್ಸಿನದೇ. ಬೆಳಿಗ್ಗೆ ಹುಬ್ಬಳ್ಳಿಗೆ ಹೋದ ಬಸ್ಸೇ ಶಿರಸಿಗೆ ಬಂದು ಕುಮಟೆಗೆ ಇಳಿಯಬೇಕಾಗಿದ್ದರೆ, ಹುಬ್ಬಳ್ಳಿ ದಾರಿಯ ಅರ್ಧ ತಾಸು ದೇವಿಮನೆ ಘಟ್ಟದ ಕೆಳಗೆ ಕಾಯುವವರ ತಲೆಗೆ ಬರುತ್ತದೆ. ವಿಮಾನವೂ ದಿನಕ್ಕೆ ಐದಾರು ಹಾರಾಟ ಪೋಣಿಸಿಕೊಂಡಿರುತ್ತದೆ, ನಡುವೆ ನೆಲದ ಮೇಲೆ ಸಿಗುವುದು ಅರ್ಧ ತಾಸು. ಅಷ್ಟರಲ್ಲಿ ಜನ ಇಳಿಯಬೇಕು, ಚೀಲ ಇಳಿದು ಹೊಸ ಚೀಲ ಏರಬೇಕು, ಕಸ ಗುಡಿಸಬೇಕು, ಎಣ್ಣೆ ತುಂಬಬೇಕು, ಪೈಲಟ್ ಸುತ್ತ ನಡೆದು ಟೈರು, ಎಂಜಿನ್ ನೋಡಬೇಕು, ತೂಕದ ಹಾಳೆಗೆ ಸಹಿ ಬೀಳಬೇಕು. ಬೆಳಿಗ್ಗೆ ಕಳೆದ 20 ನಿಮಿಷ ಸಂಜೆಗೆ ಒಂದೂವರೆ ತಾಸಾಗುವುದು ಹೀಗೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿಕೆಟ್ ಮಾಡುವವರು ದಿನದ ಮೊದಲ ಹಾರಾಟವನ್ನೇ ಹಿಡಿಯುವುದು ಮೇಲು. ಆ ವಿಮಾನ ರಾತ್ರಿಯೇ ಬಂದು ನಿಂತಿರುತ್ತದೆ, ರದ್ದಾದರೂ ಅದೇ ದಿನ ಇನ್ನೊಂದು ಸಿಗುವ ಸಾಧ್ಯತೆ ಇರುತ್ತದೆ.

ಶಿರಸಿಯವರಿಗೆ ಒಮ್ಮೊಮ್ಮೆ ಬೇರೆಯೇ ಒಂದು ಇಕ್ಕಟ್ಟು ಎದುರಾಗುತ್ತದೆ. ಗೋವಾದಲ್ಲಿ ಇಳಿಯಲಾಗದ ವಿಮಾನ ಹುಬ್ಬಳ್ಳಿಗೆ ಹೋದರೆ ಮನೆ ಅಲ್ಲಿಂದ ನೂರು ಕಿಲೋಮೀಟರ್ ಅಷ್ಟೇ. "ಇಲ್ಲೇ ಇಳಿಸಿಬಿಡಿ" ಎಂದರೆ ಸಿಬ್ಬಂದಿ ಹಿಂದೇಟು ಹಾಕುತ್ತಾರೆ. ಒಡೆಯ ಇಳಿದು ಹೋದ ಚೀಲವನ್ನು ಹೊತ್ತು ವಿಮಾನ ಹಾರುವಂತಿಲ್ಲ. ಹೊಟ್ಟೆಯಲ್ಲಿರುವ ನೂರಾರು ಚೀಲಗಳಲ್ಲಿ ನಿಮ್ಮದೊಂದನ್ನು ಹುಡುಕಿ ತೆಗೆಯಬೇಕು, ಪ್ರಯಾಣಿಕರ ಪಟ್ಟಿ, ತೂಕದ ಹಾಳೆ ಎರಡನ್ನೂ ತಿದ್ದಬೇಕು, ಅಷ್ಟರಲ್ಲಿ ಗೋವಾದ ಮೇಲೆ ಮೋಡ ಬಿರಿದಿದ್ದರೆ ಆ ಹೊತ್ತೂ ಕೈತಪ್ಪುತ್ತದೆ, ಪೈಲಟ್‌ಗಳ ಡ್ಯೂಟಿಯೂ ಕರಗುತ್ತದೆ. ಕೈಚೀಲ ಮಾತ್ರ ಇದ್ದವರು ಕ್ಯಾಬಿನ್ ಸಿಬ್ಬಂದಿಯನ್ನು ಕೂಡಲೇ ಕೇಳಿ ನೋಡಬಹುದು. ಬಿಡುವುದು ಬಿಡದಿರುವುದು ಕ್ಯಾಪ್ಟನ್ ಮತ್ತು ಸಂಸ್ಥೆಯ ನಿರ್ಧಾರ.