ಕೋಶದ ಗುರುತು, ಕರುಳಿನ ಆಕಾರ

ದೊಡ್ಡ ಕರುಳಿನ ಬಯಾಪ್ಸಿ ತುಂಡು ಮೈಕ್ರೋಸ್ಕೋಪಿನ ಕೆಳಗೆ ಬಂದಾಗ ನಾವು ಪೆಥಾಲಜಿಸ್ಟರು ಮೊದಲು ನೋಡುವುದು ಬಿಡಿ ಜೀವಕೋಶವನ್ನಲ್ಲ, ಸಾಲನ್ನು. ಆರೋಗ್ಯವಾಗಿರುವ ಕರುಳಿನಲ್ಲಿ ಕ್ರಿಪ್ಟ್ ಎಂಬ ಕಿರುಗುಳಿಗಳು ಸ್ಟ್ಯಾಂಡಿನಲ್ಲಿಟ್ಟ ಟೆಸ್ಟ್ ಟ್ಯೂಬುಗಳ ಹಾಗೆ ನೆಟ್ಟಗೆ ನಿಂತಿರುತ್ತವೆ. ಗುಳಿಯ ಗೋಡೆಯಲ್ಲಿ ಲೋಳೆ ತುಂಬಿಕೊಂಡ ಗಾಬ್ಲೆಟ್ ಕೋಶಗಳು, ನಡುನಡುವೆ ನೀರು ಹೀರುವ ಕೋಶಗಳು. ಅಡೆನೋಮಾ ಜಾತಿಯ ಪಾಲಿಪ್ (ಒಳಗೋಡೆಯಿಂದ ಎದ್ದ ಗಂಟು) ಆದರೆ ಗುಳಿಯ ಆಕಾರ, ಕೋಶದ ಗುರುತು ಎರಡೂ ಒಟ್ಟಿಗೇ ಕೆಟ್ಟಿರುತ್ತವೆ. ಗುಳಿಗಳು ಕವಲೊಡೆದು ಒತ್ತೊತ್ತಾಗಿರುತ್ತವೆ. ಕೋಶಗಳಲ್ಲಿ ಲೋಳೆ ಕಡಿಮೆ, ನ್ಯೂಕ್ಲಿಯಸ್ಸುಗಳು ಉದ್ದವಾಗಿ, ಕಪ್ಪಾಗಿ, ಒಂದರ ಮೇಲೊಂದು ಏರಿರುತ್ತವೆ. ಯಾವುದು ಮೊದಲು ಕೆಟ್ಟಿತು ಎಂದು ಪಿಜಿ ವಿದ್ಯಾರ್ಥಿಗಳು ಕೇಳುತ್ತಾರೆ. ಹಾಗೆ ಬಿಡಿಸಿ ಹೇಳುವುದು ಕಷ್ಟ. ಕೋಶ ಏನಾಗಬೇಕು, ಗುಳಿ ಹೇಗಿರಬೇಕು ಎಂಬ ಎರಡೂ ಬಹುಮಟ್ಟಿಗೆ ಒಂದೇ ಸಂಕೇತಜಾಲದ ಕೈಯಲ್ಲಿವೆ.

ಕ್ರಿಪ್ಟಿನ ತಳದಲ್ಲಿ ಗುಳಿಯ ಉಳಿದ ಕೋಶಗಳಿಗೆ ಮೂಲವಾದ ಕಾಂಡಕೋಶಗಳಿವೆ. ಎಲ್‌ಜಿಆರ್5 ಎಂಬ ಗುರುತು ಹಿಡಿದು ನೆದರ್‌ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ತಂಡ 2007ರಲ್ಲಿ ಅವನ್ನು ತೋರಿಸಿಕೊಟ್ಟಿತು. ತಳದಲ್ಲಿ ವಿಂಟ್ ಎಂಬ ಪ್ರೊಟೀನ್ ಹೇರಳ. ಅದು ಸಿಗುತ್ತಿರುವವರೆಗೆ ಕಾಂಡಕೋಶ ಕಾಂಡಕೋಶವಾಗಿಯೇ ಇದ್ದು ವಿಭಜನೆಯಾಗುತ್ತದೆ. ಮೇಲೆ ಸರಿದಂತೆ ವಿಂಟ್ ಇಳಿದು ಬಿಎಂಪಿ ಎಂಬ ಇನ್ನೊಂದು ಸಂಕೇತ ಪ್ರೊಟೀನ್ ಏರುತ್ತದೆ, ಕೋಶ ಬಲಿಯುತ್ತದೆ, ನಾಲ್ಕೈದು ದಿನಗಳಲ್ಲಿ ಮೇಲ್ಮೈ ತಲುಪಿ ಉದುರುತ್ತದೆ. ದಾರಿಯಲ್ಲಿ ಕಸುಬು ಹಂಚುವುದು ನಾಚ್ ಎಂಬ ಸಂಕೇತ: ಪಕ್ಕದ ಕೋಶದಿಂದ ನಾಚ್ ಸಂಕೇತ ಪಡೆದದ್ದು ಹೀರುವ ಕೋಶ, ಪಡೆಯದ್ದು ಲೋಳೆಯ ಕೋಶ. ಇಲಿಗಳಲ್ಲಿ ನಾಚ್ ತಡೆದಾಗ ಕ್ರಿಪ್ಟಿನಲ್ಲಿ ವಿಭಜನೆಯಾಗುತ್ತಿದ್ದ ಕೋಶಗಳೆಲ್ಲ ಗಾಬ್ಲೆಟ್ ಆಗಿಬಿಟ್ಟವು. ಅಲ್ಜೈಮರ್‌ಗೆಂದು ಪರೀಕ್ಷಿಸಿದ ಗಾಮಾ-ಸೆಕ್ರಿಟೇಸ್ ಎಂಬ ಕಿಣ್ವವನ್ನು ತಡೆಯುವ ಔಷಧಗಳು ಹೊಟ್ಟೆ ಕೆಡಿಸಿದ್ದಕ್ಕೂ ಇದೇ ಮೂಲ. ನಾಚ್‌ಗೂ ಅದೇ ಕಿಣ್ವ ಬೇಕು.

ಇಷ್ಟರಲ್ಲಿ ನನಗೆ ತೀರಾ ಕುತೂಹಲದ್ದು ಬೀಟಾ-ಕೆಟೆನಿನ್ ಎಂಬ ಪ್ರೊಟೀನ್. ಅದಕ್ಕೆ ಎರಡು ಕೆಲಸ. ಕೋಶದ ಅಂಚಿನಲ್ಲಿ ಇ-ಕ್ಯಾಡೆರಿನ್ ಎಂಬ ಅಂಟಿನಂಥ ಪ್ರೊಟೀನ್ ಜೊತೆ ಸೇರಿ ಪಕ್ಕದ ಕೋಶವನ್ನು ಹಿಡಿದುಕೊಳ್ಳುವುದು ಒಂದು. ಬಿಡಿಯಾಗಿ ಉಳಿದದ್ದನ್ನು ಎಪಿಸಿ ಪ್ರೊಟೀನ್ ಇರುವ ತಂಡವೊಂದು ನಾಶ ಮಾಡುತ್ತಿರುತ್ತದೆ. ವಿಂಟ್ ಬಂದಾಗ ನಾಶ ನಿಲ್ಲುತ್ತದೆ. ಆಗ ಅದು ನ್ಯೂಕ್ಲಿಯಸ್ ಹೊಕ್ಕು ವಿಭಜನೆಯ ಜೀನುಗಳನ್ನು ಎಬ್ಬಿಸುತ್ತದೆ, ಇದು ಇನ್ನೊಂದು. ಬೀಟಾ-ಕೆಟೆನಿನ್ ಇರುವೆಡೆ ಬಣ್ಣ ಕೂರಿಸುವ ಇಮ್ಯುನೋ ಸ್ಟೇನ್ ಹಾಕಿದರೆ ಸಹಜ ಕರುಳಿನಲ್ಲಿ ಕಂದು ಬಣ್ಣ ಹೆಚ್ಚಾಗಿ ಕೋಶಗಳ ಅಂಚಿನಲ್ಲೇ ಗೆರೆಯಾಗಿ ಕೂರುತ್ತದೆ. ಅಡೆನೋಮಾದಲ್ಲಿ ಹಲವು ಕಡೆ ನ್ಯೂಕ್ಲಿಯಸ್ಸೇ ಕಂದು. ಎಪಿಸಿ ಕೆಟ್ಟಿರುವುದರಿಂದ, ವಿಂಟ್ ಇಲ್ಲದಿದ್ದರೂ ಇದೆ ಎಂದೇ ಕೋಶ ನಡೆದುಕೊಳ್ಳುತ್ತದೆ. ಎಪಿಸಿ ಜೀನಿನ ಕೆಟ್ಟ ಪ್ರತಿಯೊಂದನ್ನು ಹುಟ್ಟಿನಿಂದಲೇ ಪಡೆದವರಿಗೆ ಹದಿಹರೆಯದಿಂದಲೇ ನೂರಾರು, ಕೆಲವರಿಗೆ ಸಾವಿರಾರು ಪಾಲಿಪ್‌ಗಳು. ದೊಡ್ಡ ಕರುಳು ತೆಗೆಯದಿದ್ದರೆ ಕ್ಯಾನ್ಸರ್ ಬಹುತೇಕ ಖಚಿತ. ಅಂದಹಾಗೆ, ಮಾಮೂಲಿ ಪಾಲಿಪ್‌ಗೆ ಈ ಸ್ಟೇನ್ ಬೇಕಿಲ್ಲ, ರೋಗಿಯ ದುಡ್ಡು ದಂಡ. ಡೆಸ್ಮಾಯ್ಡ್ ಎಂಬ ನಾರು ಅಂಗಾಂಶದ ಗಡ್ಡೆಯ ಅನುಮಾನವಿದ್ದಾಗ ಮಾತ್ರ ನಾನು ತಪ್ಪದೆ ಕೇಳುತ್ತೇನೆ.

ಇ-ಕ್ಯಾಡೆರಿನ್ ಕಡೆಯಿಂದ ಕೆಟ್ಟರೆ ಚಿತ್ರವೇ ಬೇರೆ. ಜಠರದ ಡಿಫ್ಯೂಸ್ ಕ್ಯಾನ್ಸರಿನಲ್ಲಿ ಗ್ರಂಥಿಯೇ ಕಟ್ಟುವುದಿಲ್ಲ, ಕೋಶಗಳು ಒಂಟೊಂಟಿಯಾಗಿ ಚದುರಿಹೋಗುತ್ತವೆ.

ಸಂಕೇತ ಆಕಾರ ಕೊಡುವುದಷ್ಟೇ ಅಲ್ಲ, ಆಕಾರವೂ ಸಂಕೇತವನ್ನು ತಿದ್ದುತ್ತದೆ. ಹಾರ್ವರ್ಡಿನ ಕ್ಲಿಫ್ ಟೇಬಿನ್ ತಂಡ ಇದನ್ನು ಕೋಳಿ ಭ್ರೂಣದಲ್ಲಿ ತೋರಿಸಿತು. ಸಣ್ಣ ಕರುಳಿನ ಸುತ್ತ ಸ್ನಾಯುಪದರಗಳು ಒಂದಾದ ಮೇಲೊಂದು ಬಿಗಿಯುತ್ತವೆ. ಬೆಳೆಯುತ್ತಿರುವ ಒಳಪದರಕ್ಕೆ ಜಾಗ ಸಾಲದೆ ಮೊದಲು ಉದ್ದುದ್ದ ಮಡಿಕೆ, ಆಮೇಲೆ ಅಂಕುಡೊಂಕು ಮಡಿಕೆ, ಕೊನೆಗೆ ವಿಲ್ಲೈ ಎಂಬ ಬೆರಳಿನಂಥ ಚಾಚುಗಳು. ಒಳಪದರ ಸ್ರವಿಸುವ ಸಾನಿಕ್ ಹೆಜ್‌ಹಾಗ್ ಪ್ರೊಟೀನ್ ಮಡಿಕೆಯ ತುದಿಯಡಿ ಎಲ್ಲ ಕಡೆಯಿಂದ ಬಂದು ಶೇಖರವಾಗುತ್ತದೆ. ಅದಕ್ಕೆ ಅಡಿಯ ಅಂಗಾಂಶ ಬಿಎಂಪಿ4 ಸುರಿಸಿ ಉತ್ತರಿಸುತ್ತದೆ, ತುದಿಯಲ್ಲಿ ವಿಭಜನೆ ನಿಲ್ಲುತ್ತದೆ, ಕಾಂಡಕೋಶಗಳು ಬುಡದಲ್ಲಷ್ಟೇ ಉಳಿಯುತ್ತವೆ.

ದಿನನಿತ್ಯದ ರಿಪೋರ್ಟಿಂಗ್‌ನಲ್ಲಿ ಆಕಾರವೇ ಚಿಕಿತ್ಸೆಯ ದಾರಿ ಬದಲಿಸುವುದುಂಟು. ರಕ್ತಭೇದಿಯೆಂದು ಬಂದ ಬಯಾಪ್ಸಿಯಲ್ಲಿ ಉರಿಯೂತ ಜೋರಾಗಿದ್ದೂ ಕ್ರಿಪ್ಟುಗಳು ನೆಟ್ಟಗಿದ್ದರೆ ಇತ್ತೀಚಿನ ಸೋಂಕಿನ ಕಡೆ ವಾಲುತ್ತೇವೆ. ಕವಲೊಡೆದು, ಮೊಟಕಾಗಿ, ತಳದಲ್ಲಿ ಪ್ಲಾಸ್ಮಾ ಕೋಶಗಳು (ಪ್ರತಿಕಾಯ ತಯಾರಿಸುವ ರೋಗನಿರೋಧಕ ಕೋಶಗಳು) ತುಂಬಿದ್ದರೆ ಅಲ್ಸರೇಟಿವ್ ಕೊಲೈಟಿಸ್‌ನಂಥ ದೀರ್ಘ ಕಾಯಿಲೆಯ ಮಾತು ಬರುತ್ತದೆ. ಆಗ ರಿಪೋರ್ಟ್ ಟೈಪಾಗುವ ಮೊದಲೇ ಗ್ಯಾಸ್ಟ್ರೋಎಂಟರಾಲಜಿಸ್ಟ್‌ಗೆ ಫೋನ್ ಮಾಡುತ್ತೇನೆ. ಆ್ಯಂಟಿಬಯಾಟಿಕ್ಕೋ ಸ್ಟಿರಾಯ್ಡೋ ಎಂದು ಅವರು ಕಾಯುತ್ತಿರುತ್ತಾರೆ.