ಚಿಗರಿ ಸ್ಟಾಪ್ ಪಕ್ಕ ಅಪಾರ್ಟ್‌ಮೆಂಟ್ ಬೇಡ ಅನ್ನಬಹುದಾ?

ಪ್ರಶ್ನೆ: ಮಗ ಬಾಸ್ಟನ್ ಹತ್ತಿರ ಇದ್ದಾನೆ. ರೈಲು ನಿಲ್ದಾಣದ ಪಕ್ಕ ಜಾಸ್ತಿ ಮನೆ ಬೇಡ ಅಂತ ಅಲ್ಲಿನ ಒಂದು ಊರಿನವರು ಓಟು ಹಾಕಿ ಸರ್ಕಾರವನ್ನೇ ತಡೆದರಂತೆ. ನಾಳೆ ನಮ್ಮ ಹುಬ್ಬಳ್ಳಿ ನವನಗರದಲ್ಲಿ ಚಿಗರಿ (ಹುಬ್ಬಳ್ಳಿ-ಧಾರವಾಡ ನಡುವೆ ಪ್ರತ್ಯೇಕ ದಾರಿಯಲ್ಲಿ ಓಡುವ ಬಸ್ಸು) ಸ್ಟಾಪ್ ಸುತ್ತ ಅಂಥದ್ದೇ ನಿಯಮ ಬಂದರೆ ನಾವೂ ಹಾಗೆ ಮಾಡಬಹುದಾ?

ಉತ್ತರ: ಓಟು ಹಾಕಿದ್ದು ನಿಜ. ತಡೆದದ್ದು ಅರ್ಧ ನಿಜ.

ಮ್ಯಾಸಚೂಸೆಟ್ಸ್ ರಾಜ್ಯ 2021ರಲ್ಲಿ ಒಂದು ಕಾಯ್ದೆ ತಂದಿತು. ಬಾಸ್ಟನ್ ಸುತ್ತಲಿನ 177 ಊರುಗಳು ತಮ್ಮ ಜಾಗದಲ್ಲಿ ಒಂದು ಭಾಗವನ್ನು ಹಲವು ಮನೆಗಳ ಕಟ್ಟಡಕ್ಕೆ ಬಿಡಬೇಕು. ನಿಲ್ದಾಣವಿದ್ದರೆ ಅದರ ಅರ್ಧ ಮೈಲಿಯೊಳಗೆ. ಎಕರೆಗೆ ಕನಿಷ್ಠ 15 ಮನೆ ಆಗುವಂತಿರಬೇಕು. ಯಾರೂ ಕಟ್ಟಲೇಬೇಕೆಂದಿಲ್ಲ, ಕಟ್ಟಲು ಬಂದವರಿಗೆ ಊರು ಅಡ್ಡ ಬರಬಾರದು, ಅಷ್ಟೇ. ಈ ಕಾಯ್ದೆಗಾಗಿ ತಮ್ಮ ಊರು ಮಾಡಿದ್ದ ನಿಯಮವನ್ನು ಮಿಲ್ಟನ್ ಊರಿನವರು 2024ರ ಫೆಬ್ರವರಿಯಲ್ಲಿ ಓಟು ಹಾಕಿ ಬೀಳಿಸಿದರು. ವಿಷಯ ಕೋರ್ಟಿಗೆ ಹೋಯಿತು. ಕಾಯ್ದೆ ಸರಿಯಾಗಿದೆ, ಪಾಲಿಸಲೇಬೇಕು ಎಂದು 2025ರ ಜನವರಿಯಲ್ಲಿ ಆ ರಾಜ್ಯದ ಅತಿ ದೊಡ್ಡ ಕೋರ್ಟ್ ಹೇಳಿತು. ಆದರೆ ಸರ್ಕಾರ ನಿಯಮ ಮಾಡಿದ ರೀತಿ ತಪ್ಪು, ಹೊಸದಾಗಿ ಮಾಡಿ ಎಂದೂ ಹೇಳಿತು. ಓಟಿನಿಂದ ಮಿಲ್ಟನ್‌ಗೆ ಸಿಕ್ಕಿದ್ದು ಸ್ವಲ್ಪ ಕಾಲಾವಕಾಶ.

ಒಂದು ಸಣ್ಣ ಲೆಕ್ಕ ಹಾಕಿ, ಮಜಾ ಇದೆ. ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. 15 ಮನೆ ಅಂದರೆ ಮನೆಗೆ ಸುಮಾರು 2,900 ಚದರ ಅಡಿ. ನಮ್ಮ 30-40 ಪ್ಲಾಟ್ ಬರೀ 1,200 ಚದರ ಅಡಿ. ರಸ್ತೆ, ಗಾರ್ಡನ್ ಬಿಟ್ಟರೂ ಎಕರೆಗೆ 20ರ ಆಸುಪಾಸು ಪ್ಲಾಟ್ ಬೀಳುತ್ತವೆ. ಮೇಲೊಂದು ಬಾಡಿಗೆ ಮನೆ ಬೇರೆ! ಅಲ್ಲಿನವರು ಹೆದರಿದ ದಟ್ಟಣೆಯಲ್ಲಿ ನಾವು ಆಗಲೇ ಸಂಸಾರ ಮಾಡುತ್ತಿದ್ದೇವೆ.

ಹಾಗಾಗಿ ನಮ್ಮ ತಕರಾರು ಬೇರೆಯೇ ಇರಬೇಕು. ಎಫ್‌ಎಆರ್ (ಪ್ಲಾಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) ಒಂದೂವರೆ ಇದ್ದದ್ದು ಮೂರಾದರೆ ಅದೇ 1,200 ಅಡಿ ಪ್ಲಾಟಿನಲ್ಲಿ 1,800ರ ಬದಲು 3,600 ಅಡಿ ಕಟ್ಟಬಹುದು. ಮನೆ ಎರಡು ಪಟ್ಟು, ಗಟಾರ ಮಾತ್ರ ಹಳೆಯದೇ. ಮಲಪ್ರಭಾ ನೀರು ನಳಕ್ಕೆ ಯಾವತ್ತು ಬರುತ್ತದೆ ಎಂದು ದಿನ ಎಣಿಸುವ ಓಣಿಗಳು ನಮ್ಮಲ್ಲಿ ಎಷ್ಟಿಲ್ಲ? ಬಸ್ಸಿನ ಪಕ್ಕ ಜನ ಇರುವುದು ಒಳ್ಳೆಯದೇ ಎನ್ನುವವನು ನಾನು. 22 ಕಿಲೋಮೀಟರ್ ಪ್ರತ್ಯೇಕ ದಾರಿ ಮಾಡಿ, ಅದರ ಪಕ್ಕ ಜನರೇ ಇರಬಾರದು ಅಂದರೆ ಆ ಬಸ್ಸು ಯಾರಿಗೆ?

ಇಲ್ಲಿ ಓಣಿಯವರು ಓಟು ಹಾಕಿ ನಿಯಮ ಬೀಳಿಸುವ ದಾರಿ ಇಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿರುವುದು ತಕರಾರು ಅರ್ಜಿ. ಮಾಸ್ಟರ್ ಪ್ಲ್ಯಾನ್ ಕರಡು ಪ್ರಕಟವಾದ 60 ದಿನದೊಳಗೆ ಹುಡಾಗೆ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ) ಬರೆದು ಕೊಡಬೇಕು. ಕೊನೆಯ ಒಪ್ಪಿಗೆ ಬೆಂಗಳೂರಿನಲ್ಲಿ. ಬೇಜಾರೇನೆಂದರೆ, ಕರಡು ಬಂದದ್ದೇ ಬಹಳ ಜನರಿಗೆ ಗೊತ್ತಾಗುವುದಿಲ್ಲ.

ಬರೆಯುವಾಗ ಸುಮ್ನೆ 'ಅಪಾರ್ಟ್‌ಮೆಂಟ್ ಬೇಡ' ಅನ್ನಬೇಡಿ. ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು, ಗಟಾರ ಎಲ್ಲಿ ಕಟ್ಟುತ್ತದೆ, ರಸ್ತೆ ಎಷ್ಟು ಅಡಿ, ಇಷ್ಟನ್ನು ಬರೆಯಿರಿ. ಒಂದು ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.